ಚಿಕ್ಕ ವಿಮಾನಕ್ಕೆ ಯಾಕಿಷ್ಟು ದೊಡ್ಡ ಬಿಲ್ಲು?

ವಿಮಾನ ರಿಪೇರಿ ಕೆಲಸದಲ್ಲಿದ್ದೆ ಅಂತ ಗೊತ್ತಾದ ತಕ್ಷಣ ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಕೇಳುವುದು ಒಂದೇ. ನಾಲ್ಕು ಸೀಟಿನ ಸ್ವಂತ ವಿಮಾನ ಇಟ್ಟುಕೊಂಡವರಿಗೆ ರಿಪೇರಿ, ತಪಾಸಣೆಗೇ ಅಷ್ಟೊಂದು ದುಡ್ಡು ಯಾಕೆ? ನಮ್ಮ ಬೀದಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಅಂತೂ ನೇರವಾಗಿ ಹೇಳಿದ: "ಅದೂ ಪಿಸ್ಟನ್ ಎಂಜಿನ್ನೇ ಅಲ್ವಾ ಅಣ್ಣ? ನನ್ ಕೈಗೆ ಕೊಡಿ, ಬಿಚ್ಚಿ ಜೋಡಿಸಿಬಿಡ್ತೀನಿ."

ಅವನು ಜೋಡಿಸಬಲ್ಲ, ಅನುಮಾನವೇ ಇಲ್ಲ. ಆದರೆ ನಾಲ್ಕು ಸೀಟಿನ ಸೆಸ್ನಾ 172 ಥರದ ವಿಮಾನದಲ್ಲಿ ಕೆಲಸ ಮುಗಿದ ಮೇಲೆ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಟ್ಟ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೀಳಬೇಕು. ಹಾಕಿದ ಬೋಲ್ಟು ಎಲ್ಲಿಂದ ಬಂತು ಅನ್ನೋದಕ್ಕೂ ಕಾಗದ ಬೇಕು. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಜವಾಬ್ದಾರಿಗೆ ಹೋಗುತ್ತದೆ.

ಇನ್ನೊಂದು ಕಾರಣ ಕ್ಯಾಲೆಂಡರ್. ಹಾರಿದರೂ ಹಾರದಿದ್ದರೂ ವರ್ಷದ ತಪಾಸಣೆ ತಪ್ಪಲ್ಲ. ಅದಕ್ಕೆ 3 ಲಕ್ಷ ಅಂತ ಸುಮ್ನೆ ಇಟ್ಕೊಳ್ಳಿ. ವರ್ಷಕ್ಕೆ 600 ಗಂಟೆ ಹಾರಿಸುವ ತರಬೇತಿ ಶಾಲೆಗೆ ಗಂಟೆಗೆ 500 ರೂಪಾಯಿ ಬೀಳುತ್ತದೆ. 40 ಗಂಟೆ ಹಾರಿಸುವ ಮಾಲೀಕರಿಗೆ 7,500.

ಹಾರದೆ ನಿಂತ ವಿಮಾನಕ್ಕೆ ಏನೂ ಆಗಲ್ಲ ಅಂದ್ಕೋಬೇಡಿ. ಈ ವಿಮಾನಗಳಲ್ಲಿ ಹೆಚ್ಚಾಗಿ ಇರುವ ಲೈಕಮಿಂಗ್ ಕಂಪನಿಯ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಉಕ್ಕಿನ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಮೇಲ್ಗಡೆ ಇರುತ್ತದೆ. ವಾರಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗೆ ಇಳಿದು, ಮಳೆಗಾಲದ ತೇವಕ್ಕೆ ಕ್ಯಾಮ್ ತುಕ್ಕು ಹಿಡಿಯುತ್ತದೆ. ಎಣ್ಣೆ ಮತ್ತು ಫಿಲ್ಟರನ್ನು 50 ಗಂಟೆಗೆ ಅಥವಾ 4 ತಿಂಗಳಿಗೆ, ಯಾವುದು ಮೊದಲೋ ಆಗ ಬದಲಾಯಿಸಿ ಅಂತ ಕಂಪನಿಯೇ ಹೇಳುವುದು ಇದಕ್ಕೇ. ಹಳೇ ಫಿಲ್ಟರನ್ನು ಎಸೆಯುವುದಿಲ್ಲ. ಡಬ್ಬ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಒಮ್ಮೆ ತುಂಬಾ ದಿನ ನಿಂತಿದ್ದ ವಿಮಾನದ ಫಿಲ್ಟರಿನಲ್ಲಿ ಸಣ್ಣ ಚೂರುಗಳು ಮಿನುಗಿದವು. ಮ್ಯಾಗ್ನೆಟ್ ಹಿಡಿದರೆ ಅಂಟಿಕೊಂಡವು. ಉಕ್ಕು, ಅಂದರೆ ಎಂಜಿನ್ನಿನ ಒಳಗೇ ಏನೋ ಸವೆಯುತ್ತಿತ್ತು. ಆ ಕಾಗದದ ತುಂಡನ್ನು ಎತ್ತಿಟ್ಟುಕೊಂಡಿದ್ದೇನೆ. ನಮ್ಮ ಮೆಕ್ಯಾನಿಕ್‌ಗೆ ತೋರಿಸಿದರೆ ಬೆರಳಲ್ಲಿ ಉಜ್ಜಿ ನೋಡಿ, ತುಂಬಾ ಹೊತ್ತು ಸುಮ್ಮನಿದ್ದ. "ಇದು ಮೇಲೆ ಹೋದ್ಮೇಲೆ ಗೊತ್ತಾಗಿದ್ರೆ?" ಅಂದ.

ಹಾಗಾಗಿ ತಪಾಸಣೆಯ ಖರ್ಚನ್ನು ನಾನು ದೂರುವುದಿಲ್ಲ. ನನಗೆ ಬೇಜಾರಾಗುವುದು ಕಾಗದದ ಹೊರೆಗೆ. ಅರ್ಧ ದಿನದ ಕೈಕೆಲಸಕ್ಕೆ ಎರಡು ದಿನ ದಾಖಲೆ ಬರೆದ ದಿನಗಳಿವೆ. ಆ ಎರಡು ದಿನದ ಸಂಬಳವೂ ಮಾಲೀಕರ ಬಿಲ್ಲಿಗೇ ಸೇರುತ್ತದೆ. ನೂರೆಂಬತ್ತು ಜನರನ್ನು ಹೊತ್ತೊಯ್ಯುವ ಜೆಟ್‌ಗೆ ಇಷ್ಟೆಲ್ಲ ಬೇಕು. ಅಪ್ಪ ಮಗ ಭಾನುವಾರ ನಂದಿ ಬೆಟ್ಟದ ಕಡೆ ಹಾರಿ ಬರುವ ವಿಮಾನಕ್ಕೆ ಇಷ್ಟೊಂದು ಬೇಡ.

ಯುರೋಪಿನವರು ಇದನ್ನು ಒಪ್ಪಿಕೊಂಡು, 2,730 ಕೆಜಿವರೆಗಿನ ವಿಮಾನಗಳಿಗೆ 2020ರಲ್ಲಿ ಹಗುರವಾದ ಬೇರೆ ನಿಯಮವನ್ನೇ ತಂದರು. ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರು ತಮ್ಮ ವಿಮಾನದ ಟೈರು, ಎಣ್ಣೆ, ಬ್ಯಾಟರಿ ತಾವೇ ಬದಲಾಯಿಸಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬಹುದು. ನಮ್ಮಲ್ಲೂ ಇಂಥ ಸಣ್ಣ ಕೆಲಸಗಳನ್ನು ತರಬೇತಿ ಕೊಟ್ಟು ಮಾಲೀಕರ ಕೈಗೆ ಬಿಡಬೇಕು ಅಂತ ಮನಸಾರೆ ಬಯಸುತ್ತೇನೆ. ಉಳಿದ ದುಡ್ಡಲ್ಲಿ ಅವರು ಇನ್ನೊಂದಿಷ್ಟು ಗಂಟೆ ಹಾರಲಿ. ಕ್ಯಾಮ್‌ಗೆ ಎಣ್ಣೆ ಸಿಗುವುದು ಆಗಲೇ.