'ನಂಗೂ ಗೊತ್ತದ್ರಿ ಅಕ್ಕ'

ಗುರುವಾರದಿಂದ ಈ ಒಂದು ಮಾತು ಕಿವಿಯಲ್ಲೇ ಕೂತಿದೆ.

ಹೇಳಿದವನು ವರ್ತೂರಿನಲ್ಲೇ ಹುಟ್ಟಿ ಬೆಳೆದ ಹುಡುಗ, ಹೂ ಮಾರುವವರ ಮಗ. ಈ 'ಗೊತ್ತದ್ರಿ' ಅವನ ಮನೆಮಾತಲ್ಲ, ಪಕ್ಕದಲ್ಲಿ ಕೂರುವ ಗೆಳೆಯನದು. ಆ ಗೆಳೆಯ ಕಲಬುರಗಿ ಜಿಲ್ಲೆಯ ಸೇಡಂ ಕಡೆಯವನು. ಅಪ್ಪ ಅಮ್ಮ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಬಂದಿದ್ದಾರೆ, ತಗಡಿನ ಶೆಡ್ಡಿನಲ್ಲಿ ವಾಸ. ಸಂಜೆ ನಾನು ಲೆಕ್ಕ ಹೇಳಿಕೊಡುವ ಕಡೆ ಮೊದಲ ದಿನ 'ಹೌದ್ರಿ' ಅಂದ. ಎಲ್ಲರೂ ನಕ್ಕರು. ಮಾರನೇ ದಿನದಿಂದ ಅವನ ಹೆಸರೇ 'ಶೆಡ್ಡು'.

ಆಮೇಲೆ ಅವನು ಮಾತೇ ಬಿಟ್ಟ. ಉತ್ತರ ಗೊತ್ತಿದ್ದರೆ ನೋಟ್‌ಬುಕ್ಕಿನ ಅಂಚಿನಲ್ಲಿ ಸಣ್ಣದಾಗಿ ಬರೆದು ನನ್ನ ಕಡೆ ತಿರುಗಿಸುತ್ತಿದ್ದ. ಉಗುರಿನ ಸಂದಿಯಲ್ಲಿ ಸಿಮೆಂಟು. ಭಾನುವಾರ ಅಪ್ಪನ ಜೊತೆ ಹೋಗುತ್ತಾನೆ. ನಾನು ಸುಮ್ನೆ ರೈಟ್ ಹಾಕಿ ಮುಂದೆ ಹೋಗುತ್ತಿದ್ದೆ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ. ನನ್ನದೇ ತಪ್ಪು.

ಹೊಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂತ ಮಕ್ಕಳಿಗೆ ಹೇಳುತ್ತೇವೆ. ಆಡಿಕೊಂಡು ನಕ್ಕರೆ? ನಕ್ಕವರೂ ಉಳ್ಳವರ ಮಕ್ಕಳಲ್ಲ. ಅವರ ಅಮ್ಮಂದಿರು ಮನೆಗೆಲಸಕ್ಕೆ ಹೋಗುತ್ತಾರೆ. ಅವರೂ ಎಲ್ಲೋ ಮಾತು ಅನ್ನಿಸಿಕೊಂಡೇ ಬಂದಿರುತ್ತಾರೆ. ಹಾಗಂತ ಅದು ಸರಿಯಾಗಿಬಿಡುತ್ತಾ? ನನಗಂತೂ ಅವರ ಮೇಲೆ ಸಿಟ್ಟಿದೆ.

ಗುರುವಾರ ಕೇಳಿದೆ: ಎರಡು ಸಂಖ್ಯೆ ಕೂಡಿದರೆ 7, ಗುಣಿಸಿದರೆ 12. ಯಾವುವು?

'ಗೊತ್ತದ್ರಿ ಅಕ್ಕ. ಮೂರು, ನಾಕು.'

ಎಷ್ಟೋ ದಿನದ ಮೇಲೆ ಅವನು ಬಾಯಿ ಬಿಟ್ಟಿದ್ದ. ಹಿಂದಿನಿಂದ ನಗು ಶುರುವಾಯಿತು. ಅಷ್ಟರಲ್ಲಿ ವರ್ತೂರಿನ ಹುಡುಗ ಕೈ ಎತ್ತಿ ಜೋರಾಗಿ ಅಂದ, 'ನಂಗೂ ಗೊತ್ತದ್ರಿ ಅಕ್ಕ.' ಅದರಲ್ಲಿ ಅಣಕ ಇರಲಿಲ್ಲ. ಯಾರನ್ನು ನೋಡಿ ನಗಬೇಕೋ ಗೊತ್ತಾಗದೆ ಹಿಂದಿನವರು ಸುಮ್ಮನಾದರು.

ಯಾಕೋ ಹಾಗಂದೆ ಅಂತ ಆಮೇಲೆ ಕೇಳಿದೆ.

'ಅವನೊಬ್ಬನೇ ಅಂದ್ರೆ ನಗ್ತಾರೆ ಅಕ್ಕ. ಈಗ ನಾನೂ ಅಂತೀನಲ್ಲ.'

ರಾತ್ರಿ ನಿದ್ದೆ ಬರಲಿಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ'. ಅದು ಹುಟ್ಟಿದ್ದು 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟವೇ ಇವತ್ತಿನ ಮಳಖೇಡ, ಇದೇ ಸೇಡಂ ತಾಲ್ಲೂಕು. ಆ ನೆಲದ ಹುಡುಗ ಕನ್ನಡ ಮಾತಾಡಿದ್ದಕ್ಕೆ ಬೆಂಗಳೂರಲ್ಲಿ ತಲೆ ತಗ್ಗಿಸಬೇಕಾಯಿತಲ್ಲ!

ಶುಕ್ರವಾರ ಲೆಕ್ಕ ಬದಿಗಿಟ್ಟು ಇದನ್ನೇ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ, 'ಅಲ್ಲಿ ಕೋಟೆ ಇದೆಯೇನೋ?'

'ಅದ. ಕಾಗಿಣಾ ಹೊಳಿ ದಂಡಿಗಿ.' ಹೊಳೆಯ ದಡದಲ್ಲಿ ಅಂತ.

ಪಕ್ಕದಲ್ಲಿ ವರ್ತೂರಿನ ಗೆಳೆಯ ಮೆಲ್ಲಗೆ 'ದಂಡಿಗಿ, ದಂಡಿಗಿ' ಅಂತ ಹೇಳಿ ನೋಡುತ್ತಿದ್ದ.