ಸೈಂಟ್ ಮೇರೀಸ್‌ಗೆ ಹೋಗುದು ಕಲ್ಲು ನೋಡ್ಲಿಕ್ಕೆ ಮಾರಾಯ್ರೆ

ಬೆಂಗಳೂರಿಂದ ಅಕ್ಕ ಬಾವ ಮಕ್ಕಳು ಬಂದ್ರೆ ನಮ್ಮ ಪ್ಲಾನ್ ಯಾವಾಗ್ಲೂ ಒಂದೇ, ಬೆಳಿಗ್ಗೆ ಕೃಷ್ಣ ಮಠ, ಮಧ್ಯಾಹ್ನ ಮೀನೂಟ, ಸಂಜೆ ಮಲ್ಪೆ ಬೀಚಲ್ಲಿ ಮಕ್ಕಳನ್ನು ನೀರಿಂದ ಎಳೆದು ಎಳೆದು ಸಾಕಾಗುದು. ಈ ಸಲ ನಾನೇ ಹಠ ಮಾಡಿ ಸೈಂಟ್ ಮೇರೀಸ್ ದ್ವೀಪಕ್ಕೆ ಕರ್ಕೊಂಡು ಹೋದೆ. ಬಾವನದ್ದು ಒಂದೇ ರಾಗ, "ಅಲ್ಲಿ ಎಂತ ಉಂಟು ಮಾರಾಯ, ನಾಲ್ಕು ತೆಂಗಿನ ಮರ, ಬಿಸಿಲು."

ಮಲ್ಪೆಯಿಂದ ಅದು ಸುಮಾರು 6 ಕಿಲೋಮೀಟರ್. ಬಂದರಲ್ಲಿ ಸಾಲಾಗಿ ನಿಂತ ಮೀನಿನ ಬೋಟುಗಳು, ಐಸು, ಡೀಸೆಲ್ ವಾಸನೆ, ಬಲೆ ರಿಪೇರಿ ಮಾಡ್ತಾ ಕೂತವರು, ಅದೆಲ್ಲ ದಾಟಿ ಕಡಲಿಗೆ ಬಂದ ಮೇಲೆ ಬೋಟಲ್ಲಿ ಹಾಡು ಹಾಕಿದ್ರು ನೋಡಿ, ಪಕ್ಕದವ್ರು ಮಾತಾಡಿದ್ದೇ ಕೇಳುದಿಲ್ಲ, ಆ ಸೌಂಡ್ ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ದ್ವೀಪ ಒಂದಲ್ಲ, ಮುಖ್ಯವಾಗಿ ನಾಲ್ಕುಂಟು. ನಾವೆಲ್ಲ ಇಳಿಯುದು ತೆಂಗಿನ ದ್ವೀಪದಲ್ಲಿ, ಊರವರು ತೋನ್ಸೆಪಾರ್ ಅಂತ ಹೇಳ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಅಂತ ಕಥೆ, ಇರ್ಲಿ, ಕಲ್ಲಿನ ಕಥೆ ಅದಕ್ಕಿಂತ ಎಷ್ಟೋ ಹಳೇದು.

ಬೋಟ್ ಇಳಿದವರಲ್ಲಿ ಹೆಚ್ಚಿನವರು ಸೀದಾ ತೆಂಗಿನ ಮರದ ಬುಡಕ್ಕೆ ಹೋಗಿ ಫೋಟೋ ತೆಗಿಲಿಕ್ಕೆ ಶುರು. ನಾವು ಬಂಡೆ ಇರುವ ಕಡೆ ನಡೆದ್ವಿ. ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಕೆಲವು ಅಡ್ಡ ಬಿದ್ದಿವೆ, ಕೆಲವು ಮುರಿದು ಮೆಟ್ಟಿಲಿನ ಹಾಗೆ ಆಗಿವೆ. ಅಕ್ಕನ ಸಣ್ಣ ಮಗ ಒಂದರ ತಲೆ ಮೇಲೆ ಕೂತು ಮೂಲೆ ಎಣಿಸಿದ, ಆರು. ಪಕ್ಕದ್ದು ಐದು. ಇನ್ನೊಂದು ಏಳು. ಕಂಬದ ಮೇಲಿನ ತಗ್ಗಲ್ಲಿ ಅಂಗೈಯಷ್ಟು ಉಪ್ಪುನೀರು ನಿಂತಿತ್ತು, ಅದರಲ್ಲಿ ಉಗುರಿನಷ್ಟು ಒಂದು ಏಡಿ, ನಮ್ಮ ನೆರಳು ಬಿದ್ದದ್ದೇ ಸಂದಿಗೆ ನುಗ್ಗಿತು.

"ಮಾಮ, ಇದನ್ನು ಯಾರು ಕೆತ್ತಿದ್ದು?"

ಯಾರೂ ಕೆತ್ತಿದ್ದಲ್ಲ ಮಾರಾಯ. ಬೇಸಿಗೆಯಲ್ಲಿ ಗದ್ದೆ ಒಣಗಿ ಬಿರಿತದಲ್ಲ, ಹಾಗೆ. ಅಲ್ಲಿ ಕೆಸರು ಒಣಗಿ ಕುಗ್ತದೆ, ಇಲ್ಲಿ ಲಾವಾ ತಣ್ಣಗಾಗಿ ಕುಗ್ಗಿದ್ದು, ಮೇಲೆ ಬಿದ್ದ ಬಿರುಕು ತಣ್ಣಗಾದ ಹಾಗೆ ಒಳಗೆ ಒಳಗೆ ಇಳಿದು ಇಳಿದು ಇಷ್ಟುದ್ದ ಕಂಬ ಆಗಿದೆ. ಇದೆಲ್ಲ ಆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆ ಆಗುವ ಸಮಯಕ್ಕೆ, ಈಗ ಆಫ್ರಿಕಾದ ಪಕ್ಕ ಉಂಟಲ್ಲ ಅದೇ, ಆಗ ನಮ್ಮ ಈ ಕರಾವಳಿಗೇ ಅಂಟಿಕೊಂಡಿತ್ತು. ಮಹಾರಾಷ್ಟ್ರದ ಡೆಕ್ಕನ್ ಕಪ್ಪು ಕಲ್ಲಿನ ಜಾತಿಯೇ ಇದು ಅಂತ ತುಂಬ ಜನ ಹೇಳ್ತಾರೆ, ಅಲ್ಲ, ಅದು ಸುಮಾರು 6.6 ಕೋಟಿ ವರ್ಷದ್ದು, ಇದಕ್ಕಿಂತ ಸಣ್ಣ ಪ್ರಾಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದ್ದು ಸುಮ್ಮನೆ ಅಲ್ಲ.

ಬಾವ ಮಡಗಾಸ್ಕರ್ ಅಂದದ್ದೇ ಫೋನ್ ಒಳಗಿಟ್ರು. ಆಮೇಲೆ ಅವರೇ ಮುಂದೆ, ನಾವು ಹಿಂದೆ.

ಸ್ಮಾರಕದ ಮೇಲೆ ಒಬ್ಬ ಪುಣ್ಯಾತ್ಮ ಬಿಳಿ ಪೇಂಟಲ್ಲಿ ತನ್ನ ಮತ್ತೆ ಹುಡುಗಿಯ ಹೆಸರು ಬರೆದಿದ್ದಾನೆ. ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್. ಇಂಥವ್ರ ಮೇಲೆ ಕರುಣೆಯೇ ಬೇಡ, ದೊಡ್ಡ ಫೈನ್ ಹಾಕ್ಬೇಕು ಅಂತ ನನ್ನ ಅಭಿಪ್ರಾಯ. ಸೆಕ್ಯೂರಿಟಿಯವ್ರು ಪೀಪಿ ಊದಿ ಊದಿ ಸುಸ್ತಾಗ್ತಾರೆ ಪಾಪ, ಬಂಡೆ ಕಡೆ ನೀರಿಗೆ ಇಳಿಬೇಡಿ ಅಂದ್ರೂ ಇಳಿಯುವವ್ರು ಇಳಿತಾರೆ. ಅಲ್ಲಿ ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಅಕ್ಕ ಒಂದು ಮುಷ್ಟಿ ಚಿಪ್ಪು ಬ್ಯಾಗಿಗೆ ಹಾಕಿದ್ದನ್ನು ನಾನು ವಾಪಸ್ ಹಾಕಿಸಿದೆ, ಸ್ವಲ್ಪ ಮುಖ ಊದಿಸಿದ್ಳು.

ಹೋಗುವವ್ರಿಗೆ, ಮಳೆಗಾಲದಲ್ಲಿ ಬೋಟ್ ಬಂದ್, ರಾತ್ರಿ ಉಳಿಲಿಕ್ಕೆ ಬಿಡುದಿಲ್ಲ. ಇಳಿತದ ಟೈಮ್ ನೋಡಿ ಹೋದ್ರೆ ಕಂಬಗಳ ಬುಡದವರೆಗೂ ಕಾಣ್ತದೆ, ಆದ್ರೆ ಪಾಚಿ ಉಂಟು, ಗ್ರಿಪ್ ಇರುವ ಚಪ್ಪಲ್ ಹಾಕಿ. ನೆರಳು ಕಮ್ಮಿ, ಟೊಪ್ಪಿ ಬೇಕೇ ಬೇಕು. ಭಾನುವಾರ ಮಾತ್ರ ಬೇಡ, ಕ್ಯೂ ನೋಡಿಯೇ ತಲೆ ತಿರುಗ್ತದೆ.