ಹಗ್ಗ ಎಸೆಯುವ ಮುನ್ನ ಬುಡ ನೋಡಿ

ಮರ ಹತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹಗ್ಗ, ಗಂಟು, ಗರಗಸಗಳ ಮೇಲೇ ಕಣ್ಣು. ಅವನ್ನೆಲ್ಲ ಕೆಲವು ವಾರಗಳಲ್ಲಿ ಕೈಗೆ ಹತ್ತಿಸಿಕೊಳ್ಳಬಹುದು. ಯಾವ ಮರ ಹತ್ತಬಾರದು ಅನ್ನೋದು ಮಾತ್ರ ಅಷ್ಟು ಬೇಗ ತಲೆಗೆ ಹೋಗುವುದಿಲ್ಲ. ಆ ಪಾಠ ಇರುವುದು ನೆಲದ ಮೇಲೆ.

ಬುಡದ ಸುತ್ತ ಬಿದ್ದ ತರಗೆಲೆ, ಹಬ್ಬಿದ ಬಳ್ಳಿ ಸರಿಸಿ ಒಂದು ಪೂರ್ತಿ ಸುತ್ತು ಹಾಕಿ. ಬೇರು ಕಾಂಡಕ್ಕೆ ಸೇರುವ ಜಾಗದಲ್ಲಿ ಗಟ್ಟಿಯಾದ, ಕಂದು ಬಣ್ಣದ, ಅರ್ಧಚಂದ್ರದ ಆಕಾರದ ಅಣಬೆ ಕಂಡರೆ ಒಳಗೆ ಕೊಳೆ ಹಿಡಿದಿದೆ ಎಂದೇ ಲೆಕ್ಕ. ಗ್ಯಾನೊಡರ್ಮ ಜಾತಿಯ ಅಣಬೆಗಳು ಹೀಗೇ ಬರುತ್ತವೆ. ತಲೆಯ ಮೇಲೆ ಎಲೆ ಹಚ್ಚಹಸಿರಾಗಿದೆಯಲ್ಲ ಎಂದು ಮಾಲೀಕರು ವಾದ ಮಾಡುತ್ತಾರೆ. ನೀರು ಮೇಲೇರುವುದು ತೊಗಟೆಯ ಹತ್ತಿರದ ಹೊರಪದರದ ಮರದಲ್ಲಿ. ನಡುವಿನ ಚೇಗೆಲ್ಲ ಪುಡಿಯಾಗಿದ್ದರೂ ಎಲೆಗೆ ಅದು ಗೊತ್ತಾಗುವುದಿಲ್ಲ. ಹಸಿರು ತಲೆ ಮರದ ಆರೋಗ್ಯ ಹೇಳೀತು, ಗಟ್ಟಿತನ ಹೇಳುವುದಿಲ್ಲ.

ಆಮೇಲೆ ಮರದ ಅಥವಾ ನೈಲಾನ್ ಸುತ್ತಿಗೆಯಿಂದ ಕಾಂಡವನ್ನು ತಟ್ಟುತ್ತಾ ಬನ್ನಿ. ಗಟ್ಟಿ ಮರ ಚುರುಕಾಗಿ ಟಕ್ ಅನ್ನುತ್ತದೆ, ಟೊಳ್ಳು ಮರ ಡಬಡಬ ಅನ್ನುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಸದ್ದು ಬದಲಾಯಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಪೊಟರೆಯ ಅಂದಾಜು ಸಿಗುತ್ತದೆ. ಸುತ್ತಲೂ ಉಳಿದ ಗಟ್ಟಿ ಮರದ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಎಚ್ಚರ ಎನ್ನುವುದು ಕಸುಬಿನಲ್ಲಿ ಚಾಲ್ತಿಯಲ್ಲಿರುವ ಸ್ಥೂಲ ಲೆಕ್ಕ. ಪೊಟರೆಗೆ ಪಕ್ಕದಲ್ಲಿ ಬಾಯಿ ಇದ್ದರೆ ಆ ಲೆಕ್ಕವೂ ನಿಲ್ಲುವುದಿಲ್ಲ, ಕಾಂಡ ಇನ್ನೂ ದುರ್ಬಲ. ಒಂದು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಬೇರು ಏಳುತ್ತಿದೆ. ಅಂಥ ಮರಕ್ಕೆ ಏಣಿಯನ್ನೂ ಒರಗಿಸಬೇಡಿ.

ಪೂರ್ತಿ ಒಣಗಿ ನಿಂತ ಮರವನ್ನೂ ಹತ್ತುವುದು ಬೇಡ. ಹಸಿ ಕೊಂಬೆ ಮುರಿಯುವ ಮುಂಚೆ ಬಾಗುತ್ತದೆ, ಒಣಗಿದ್ದು ಸೂಚನೆಯನ್ನೇ ಕೊಡದೆ ಮುರಿಯುತ್ತದೆ. ಪಕ್ಕದಲ್ಲಿ ಗಟ್ಟಿ ಮರವಿದ್ದರೆ ಅದಕ್ಕೆ ಹಗ್ಗ ಹಾಕಿ ಕೆಲಸ ಮಾಡಿ. ಇಲ್ಲವಾದರೆ ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಯಂತ್ರ ತರಿಸಿ, ಅಥವಾ ಜಾಗವಿದ್ದರೆ ನೆಲದಿಂದಲೇ ಕೆಡವಿ.

ಹಗ್ಗ ಕೂರುವ ಜಾಗ ಜೀವಂತ ಮರದ್ದೇ ಆಗಿರಬೇಕು, ಕನಿಷ್ಠ 10 ಸೆಂ.ಮೀ. ದಪ್ಪ ಇರಬೇಕು, ಕಾಂಡಕ್ಕೆ ಅಂಟಿಕೊಂಡಂತೆ ಇರಬೇಕು. ಕವಲು ಅಗಲವಾಗಿ ತೆರೆದಿದ್ದರೆ ಸಾಮಾನ್ಯವಾಗಿ ಗಟ್ಟಿ. ಎರಡು ಕೊಂಬೆ ಒಂದನ್ನೊಂದು ಒತ್ತಿಕೊಂಡು ಬೆಳೆದು ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಸರಿಯಾಗಿ ಬೆಸೆದಿರುವುದಿಲ್ಲ. ಅಂಥ ಕವಲಿನ ಎರಡೂ ಬದಿಗೆ ಕಿವಿಯಂತೆ ಉಬ್ಬು ಬಂದಿರುತ್ತದೆ. ಕೆಳಗಿನಿಂದ ದುರ್ಬೀನು ಹಿಡಿದರೆ ಕಾಣುತ್ತದೆ, ಅಲ್ಲಿಗೆ ಹಗ್ಗ ಹಾಕಬೇಡಿ.

ತುಂಬ ಜನ ಲೆಕ್ಕಕ್ಕೆ ತಗೊಳ್ಳದ ಒಂದು ವಿಷಯವಿದೆ. ಹಗ್ಗದ ಒಂದು ತುದಿಯನ್ನು ಬುಡಕ್ಕೆ ಕಟ್ಟಿ, ಮೇಲಿನ ಕವಲಿನ ಮೇಲೆ ಹಾಯಿಸಿ, ಇನ್ನೊಂದು ತುದಿಯಲ್ಲಿ ಹತ್ತಿದರೆ ಆ ಕವಲಿನ ಮೇಲೆ ಬೀಳುವ ಭಾರ ನಿಮ್ಮ ತೂಕದ ಹತ್ತಿರ ಹತ್ತಿರ ಎರಡರಷ್ಟು. 80 ಕೆ.ಜಿ. ಆಳು ಹತ್ತಿದರೆ ಕವಲು ಹೊರುವುದು ಸುಮಾರು 160 ಕೆ.ಜಿ. ಒಂದು ಕಡೆ ಆಳು ಎಳೆಯುತ್ತಾನೆ, ಇನ್ನೊಂದು ಕಡೆ ಬುಡದ ಕಟ್ಟು ಅಷ್ಟೇ ಬಲದಿಂದ ಎಳೆದು ಹಿಡಿಯುತ್ತದೆ. ಹಗ್ಗ ತೊಗಟೆಗೆ ಉಜ್ಜುವುದರಿಂದ ಸ್ವಲ್ಪ ಏರುಪೇರಾಗಬಹುದು, ಅದನ್ನು ನೆಚ್ಚಿಕೊಳ್ಳಬಾರದು. ಹತ್ತುವ ಮುಂಚೆ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಜಗ್ಗಿ ನೋಡುವುದು ಇದಕ್ಕೇ. ಬರೀ ಕೈಯಲ್ಲಿ ಎರಡು ಸಲ ಎಳೆದು ‘ಗಟ್ಟಿ ಇದೆ’ ಅನ್ನುವುದು ಪರೀಕ್ಷೆಯೇ ಅಲ್ಲ.

ಮೇಲೆ ಗರಗಸ ಹಿಡಿದಾಗ ಎರಡು ಕಟ್ಟು ಇರಲೇಬೇಕು: ಒಂದು ಹತ್ತುವ ಹಗ್ಗ, ಇನ್ನೊಂದು ಸೊಂಟದಿಂದ ಕಾಂಡವನ್ನು ಬಳಸಿ ಬರುವ ಪಟ್ಟಿ. ಒಂದು ಕೊಯ್ದುಹೋದರೂ ಇನ್ನೊಂದು ಹಿಡಿಯುತ್ತದೆ. ಒಳಗೆ ಉಕ್ಕಿನ ತಂತಿಯಿರುವ ಪಟ್ಟಿ ಚೈನ್‌ಸಾಗೆ ಸ್ವಲ್ಪ ಹೊತ್ತು ತಡೆ ಕೊಡುತ್ತದೆ, ಹಾಗಂತ ಕೊಯ್ಯುವುದೇ ಇಲ್ಲ ಎಂದು ತಿಳಿಯಬೇಡಿ. ಹಗ್ಗದ ಕಟ್ಟು ಯಾವಾಗಲೂ ಸೊಂಟಕ್ಕಿಂತ ಮೇಲಿರಲಿ, ಸಡಿಲ ಬಿಡಬೇಡಿ. ಮರ ಹತ್ತುವ ಹಗ್ಗ ಹೆಚ್ಚು ಹಿಗ್ಗುವುದಿಲ್ಲ. ಅರ್ಧ ಮೀಟರ್ ಸಡಿಲವಿದ್ದು ಜಾರಿದರೂ ಆ ಜಗ್ಗು ನೇರವಾಗಿ ಬೆನ್ನುಮೂಳೆಗೆ, ಕವಲಿಗೆ ಬೀಳುತ್ತದೆ.

ಹಗ್ಗವನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಪರೀಕ್ಷೆ ಮಾಡುತ್ತದೆ. ಪ್ರತಿ ಬೆಳಿಗ್ಗೆ ಪೂರ್ತಿ ಉದ್ದವನ್ನು ಕೈಯಲ್ಲಿ ಹಾಯಿಸಿ. ಎಲ್ಲಾದರೂ ಮೆತ್ತಗೆ ಕುಸಿದಂತಿದ್ದರೆ ಒಳಗಿನ ಎಳೆ ಹೋಗಿದೆ. ಗಾಜಿನಂತೆ ಹೊಳೆಯುವ ಬಿರುಸು ಜಾಗ ಸಿಕ್ಕರೆ ಅದು ವೇಗವಾಗಿ ಇಳಿದಾಗ ಗಂಟಿನ ಉಜ್ಜುವಿಕೆಗೆ ಕರಗಿದ ಎಳೆ. ಬ್ಯಾಟರಿ ಆಸಿಡ್ ತಾಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಆ ಹಗ್ಗ ಮುಗಿಯಿತು. ಬಿಸಾಡುವಾಗ ಮೊಳದುದ್ದದ ತುಂಡು ಮಾಡಿಬಿಡಿ. ಹಳ್ಳಿಯಲ್ಲಿ ಹಗ್ಗವನ್ನು ಯಾರೂ ಬಿಸಾಡುವುದಿಲ್ಲ, ಮೊದಲು ಕರು ಕಟ್ಟುತ್ತಾರೆ, ಆಮೇಲೆ ಇನ್ಯಾರೋ ಅದರಲ್ಲೇ ಮರ ಹತ್ತುತ್ತಾರೆ.

ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್ ಆಫ್ ಆಗಿದೆ ಎಂದು ಸಂಬಂಧಪಟ್ಟವರು ಖಚಿತಪಡಿಸುವವರೆಗೆ ಕೆಲಸವಿಲ್ಲ. ತಂತಿ ಮುಟ್ಟದಿದ್ದರೂ ಹೈ ವೋಲ್ಟೇಜ್ ಹಾರಿ ಬರುತ್ತದೆ.

ಒಬ್ಬರೇ ಹತ್ತುವುದು ಈ ಕೆಲಸದಲ್ಲಿ ಇಲ್ಲವೇ ಇಲ್ಲ. ಕೆಳಗಿರುವವರು ಕೊಂಬೆ ಎಳೆಯುವ ಆಳಷ್ಟೇ ಆಗಿದ್ದರೆ ಸಾಲದು. ಹಾರ್ನೆಸ್ (ಹಗ್ಗಕ್ಕೆ ನೇತಾಡಲು ಸೊಂಟ, ತೊಡೆಗೆ ಬಿಗಿಯುವ ಪಟ್ಟಿಗಳ ಜೋಡಣೆ) ತೊಟ್ಟು, ಇನ್ನೊಂದು ಹಗ್ಗ ಸಿದ್ಧವಿಟ್ಟುಕೊಂಡು, ಮೇಲಿನವರನ್ನು ಇಳಿಸುವುದನ್ನು ಅಭ್ಯಾಸ ಮಾಡಿದವರಾಗಿರಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಪ್ರಾಣಕ್ಕೆ ಅಪಾಯವಾಗಲು ಹೆಚ್ಚು ಹೊತ್ತು ಬೇಡ. ಊರಾಚೆಯ ತೋಟಕ್ಕೆ ಆಂಬುಲೆನ್ಸ್ ಬರುವುದು ತಡ. ಕೆಲಸ ಶುರು ಮಾಡುವ ಮುಂಚೆಯೇ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಗಾಡಿ ಯಾವ ದಾರಿಯಲ್ಲಿ ಬರಬೇಕು, ಗೇಟಿನ ಬೀಗ ಯಾರ ಹತ್ತಿರ ಇದೆ ಎಂದು ನೋಡಿಟ್ಟುಕೊಳ್ಳಿ. ರಕ್ತ ಒತ್ತಿ ಹಿಡಿಯುವ ದೊಡ್ಡ ಬ್ಯಾಂಡೇಜು ಹತ್ತುವವರ ಸೊಂಟದಲ್ಲೇ ಇರಬೇಕು. ಗಾಡಿಯೊಳಗಿನ ಪೆಟ್ಟಿಗೆ 15 ಮೀಟರ್ ಮೇಲಿರುವವರಿಗೆ ಏನೂ ಮಾಡುವುದಿಲ್ಲ.

ಇನ್ನು ಕೊಯ್ಯುವ ವಿಷಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂಥ ಉಬ್ಬು ಇರುತ್ತದೆ. ಆ ಉಬ್ಬಿನ ಅಂಗಾಂಶ ಕಾಂಡದ್ದು, ಅಲ್ಲಿ ಕೈ ಇಡಬಾರದು. ಮೊದಲು ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಕೊಂಬೆಯ ಅಡಿಯಿಂದ ಅದರ ದಪ್ಪದ ಕಾಲು ಭಾಗದಷ್ಟು ಕೊಯ್ಯಿರಿ. ಆಮೇಲೆ ಅದಕ್ಕಿಂತ ಒಂದೆರಡು ಬೆರಳು ಹೊರಗೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಅಡಿಯ ಕೊಯ್ತ ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸೀಳಿಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ಉಬ್ಬಿನ ಹೊರ ಅಂಚಿನಲ್ಲಿ ತೆಗೆಯಿರಿ. ಮೋಟು ಉಳಿಸಿದರೆ ಅದು ಸತ್ತು ಕೊಳೆಗೆ ದಾರಿಯಾಗುತ್ತದೆ, ಕಾಂಡಕ್ಕೆ ಸಮವಾಗಿ ಹೆರೆದರೆ ಉಬ್ಬು ಹೋಗಿ ಕೊಳೆ ನೇರ ಕಾಂಡಕ್ಕೇ ಇಳಿಯುತ್ತದೆ. ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಅಲ್ಲೇ ಬಂಧಿಸುತ್ತದೆ. ಅಮೆರಿಕದ ಮರರೋಗ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು, 1977ರಲ್ಲಿ ಅದರ ವಿವರ ಪ್ರಕಟವಾಯಿತು. ಆದರೂ ಗಾಯಕ್ಕೆ ಬಣ್ಣ, ಟಾರು ಬಳಿಯುವವರು ಇವತ್ತಿಗೂ ಇದ್ದಾರೆ. ಅದರಿಂದ ಕೊಳೆ ನಿಲ್ಲುವುದಿಲ್ಲ, ಒಳಗೆ ತೇವ ಉಳಿಯುತ್ತದೆ ಅಷ್ಟೆ.

ಒಂದೆರಡು ವರ್ಷದ ಹಳೆಯ ಗಾಯ ನೋಡಿದರೆ ಕೊಯ್ದವರ ಕೈ ಗೊತ್ತಾಗುತ್ತದೆ. ಸುತ್ತಲೂ ಒಂದೇ ದಪ್ಪದ ಉಂಗುರ ಕಟ್ಟಿದ್ದರೆ ಸರಿಯಾದ ಕೊಯ್ತ. ಎರಡು ಬದಿಗೆ ಮಾತ್ರ ಉಬ್ಬು ಬಂದು ಮೇಲೆ ಕೆಳಗೆ ಬೋಳಾಗಿದ್ದರೆ ಸಮವಾಗಿ ಹೆರೆದಿದ್ದಾರೆ.

‘ಮರ ಎತ್ತರವಾಯ್ತು, ತಲೆ ತೆಗೆದುಬಿಡಿ’ ಎನ್ನುವ ಬೇಡಿಕೆಗೆ ಒಪ್ಪಬೇಡಿ. ತಲೆ ಕಡಿದ ಜಾಗದಿಂದ ಹತ್ತಾರು ಚಿಗುರು ಒಮ್ಮೆಲೇ ಏಳುತ್ತವೆ. ಅವು ಹುಟ್ಟುವುದು ತೊಗಟೆಯಡಿಯ ಮಲಗಿದ ಮೊಗ್ಗುಗಳಿಂದ, ಹಾಗಾಗಿ ಬುಡದ ಹಿಡಿತ ತೆಳು. ಕೆಲವೇ ವರ್ಷಗಳಲ್ಲಿ ಮರ ಮತ್ತೆ ಅಷ್ಟೇ ಎತ್ತರವಾಗುತ್ತದೆ. ಈಗ ಕೊಂಬೆಗಳು ದುರ್ಬಲ, ಅವುಗಳ ಅಡಿಯಲ್ಲಿ ಕೊಳೆ. ಎತ್ತರ ಇಳಿಸಲೇಬೇಕಿದ್ದರೆ ಪ್ರತಿ ಕೊಂಬೆಯನ್ನೂ ಒಂದು ಪಕ್ಕಕೊಂಬೆಯವರೆಗೆ ಹಿಂದಕ್ಕೆ ತನ್ನಿ. ಆ ಪಕ್ಕಕೊಂಬೆ ಕೊಯ್ದ ಜಾಗದ ಮೂರನೇ ಒಂದು ಭಾಗದಷ್ಟಾದರೂ ದಪ್ಪ ಇರಬೇಕು. ಒಂದು ಸಲಕ್ಕೆ ಒಟ್ಟು ಎಲೆಯ ಕಾಲು ಭಾಗ ದಾಟಬಾರದು. ಮುದಿ ಮರವಾದರೆ ಅದಕ್ಕೂ ಕಡಿಮೆ.

ಹೊಲದಂಚಿನ ಮರಗಳನ್ನು ಕೊಲ್ಲುವುದು ಗರಗಸಕ್ಕಿಂತ ಟ್ರ್ಯಾಕ್ಟರು. ನೀರು, ಗಾಳಿ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಎಲೆಯ ನೆರಳು ದಾಟಿಯೂ ಹರಡುತ್ತವೆ. ಅವುಗಳ ಮೇಲೆ ಗಾಡಿ ಓಡಿ ಮಣ್ಣು ಗಟ್ಟಿಯಾದರೆ, ಬುಡಕ್ಕೆ ಮಣ್ಣು ಏರಿಸಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಮರ ಕೂಡಲೇ ಸಾಯುವುದಿಲ್ಲ. ತುದಿ ಒಣಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ಬೇಲಿ ತಂತಿ ಹೊಡೆದ ಮರಗಳಲ್ಲಿ ಮೊಳೆ, ತಂತಿ ಕಾಂಡದೊಳಗೆ ಮುಳುಗಿರುತ್ತದೆ. ತೊಗಟೆಯ ಮೇಲೆ ಅಡ್ಡ ಗೆರೆಯಂಥ ಉಬ್ಬು ಕಂಡರೆ ಅದಕ್ಕಿಂತ ಮೇಲೆ ಕೊಯ್ಯಿರಿ, ಇಲ್ಲವಾದರೆ ಚೈನಿನ ಹಲ್ಲು ಒಂದೇ ಏಟಿಗೆ ಹೋಗುತ್ತದೆ.

ಟೊಳ್ಳು ಮರವನ್ನೆಲ್ಲ ಕಡಿಯಬೇಕಿಲ್ಲ. ಅದು ಬಿದ್ದರೆ ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆ ಎಂಬುದೇ ಮುಖ್ಯ. ಕೆಳಗೆ ಮನೆಯಾಗಲಿ ದಾರಿಯಾಗಲಿ ಇಲ್ಲದಿದ್ದರೆ ಸುಮ್ಮನೆ ಬಿಡಬಹುದು, ಗೂಬೆ, ಬಾವಲಿ, ಗಿಣಿಗಳಿಗೆ ಪೊಟರೆಯೇ ಮನೆ. ದಾರಿಯಿದ್ದರೆ ತಲೆಯ ಹರವನ್ನು ಒಂದೆರಡು ಮೀಟರ್ ಇಳಿಸಿದರೂ ಗಾಳಿ ಹಿಡಿಯುವ ಜಾಗ ಕಡಿಮೆಯಾಗಿ ಬುಡದ ಮೇಲಿನ ಒತ್ತಡ ಚೆನ್ನಾಗಿಯೇ ತಗ್ಗುತ್ತದೆ. ಗರಗಸ ಚಾಲು ಮಾಡುವ ಮುನ್ನ ಪೊಟರೆಯ ಬಾಯಿಯನ್ನು ಹತ್ತು ನಿಮಿಷ ದೂರದಿಂದ ಗಮನಿಸಿ. ಜೇನು ಹೋಗಿ ಬರುತ್ತಿದ್ದರೆ ಆ ದಿನದ ಕೆಲಸ ಇನ್ನೊಂದು ಮರಕ್ಕೆ.